ಆರ್ಚ್ ಮ್ಯಾನಿಂಗ್: ಹೆಸರು ದೊಡ್ಡದಾ, ಆಟ ದೊಡ್ಡದಾ?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು. ಆಸ್ಟಿನ್‌ಗೆ ಬಂದು 11 ವರ್ಷ ಆಯ್ತು. ಮಗ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅವನಿಂದಾಗಿ ನನಗೂ ಈ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ. ಕಳೆದ ವರ್ಷ ಇಲ್ಲಿನ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಹುಡುಗ ಆರ್ಚ್ ಮ್ಯಾನಿಂಗ್ ಬಗ್ಗೆ ಏನೆಲ್ಲ ಹೇಳಿದ್ದರು! ಮೊದಲ ಪಂದ್ಯವೇ ಸೋತರು. ಮೂರನೇ ಪಂದ್ಯಕ್ಕೆ ನಾವು ಸ್ಟೇಡಿಯಂನಲ್ಲೇ ಇದ್ದೆವು. ನಮ್ಮ ಜನವೇ ಅವನಿಗೆ ಬೂ ಎಂದರು, ನನಗೆ ಸಂಕಟವಾಯಿತು. ಆಮೇಲೆ ನೋಡಿದರೆ ಕೊನೆ ಕೊನೆಗೆ ಚೆನ್ನಾಗಿಯೇ ಆಡಿದ. ನಮ್ಮ ಮನೆಯವರು 'ಅವನದು ಬರೀ ಮನೆತನದ ಹೆಸರು' ಅಂತಾರೆ. ಮಗ, ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಈ ಸಲ ಅವನಿಗೇ ಅಂತ ರೂಮ್‌ಮೇಟ್ ಜೊತೆ 200 ಡಾಲರ್ ಪಂಥ ಕಟ್ಟಿದ್ದಾನೆ. ಯಾರ ಮಾತು ನಂಬಲಿ? ಸೆಪ್ಟೆಂಬರ್ 12ಕ್ಕೆ ಓಹಾಯೊ ಸ್ಟೇಟ್ ತಂಡ ಇಲ್ಲಿಗೇ ಬರುತ್ತಿದೆ. ಟಿಕೆಟ್ ತಗೊಳ್ಳೋದಾ, ಬೇಡವಾ?

ಉತ್ತರ: ಮೇಡಂ, ನಿಮ್ಮ ಮನೆಯ ಜಗಳವೇ ಟೆಕ್ಸಾಸ್‌ನ ಅರ್ಧ ಮನೆಗಳಲ್ಲಿ ನಡೆಯುತ್ತಿದೆ. ನಾನು 14 ವರ್ಷದಿಂದ ಇಲ್ಲಿನ ಹೈಸ್ಕೂಲ್ ಫುಟ್‌ಬಾಲ್ ತಂಡಗಳಿಗೆ ವಿಡಿಯೊ ವಿಶ್ಲೇಷಣೆ ಮಾಡಿಕೊಂಡು ಬಂದಿದ್ದೇನೆ. ಶುಕ್ರವಾರ ರಾತ್ರಿ ಪಂದ್ಯ. ಶನಿವಾರ ಬೆಳಿಗ್ಗೆ ಕಾಫಿ ಆರುವುದರೊಳಗೆ ಒಂದೊಂದು ಪ್ಲೇಯನ್ನೂ, ಅಂದರೆ ಚೆಂಡು ಹೊರಟು ನಿಲ್ಲುವವರೆಗಿನ ಒಂದೊಂದು ತುಣುಕನ್ನೂ ಕತ್ತರಿಸಿ, ಯಾರು ಎಲ್ಲಿ ತಪ್ಪಿದರು ಅಂತ ಕೋಚ್‌ಗಳಿಗೆ ಬರೆದುಕೊಡುವುದು ನನ್ನ ಕೆಲಸ. ಆರ್ಚ್‌ನನ್ನು ನಾನು ಎದುರು ಕಂಡವನಲ್ಲ. ಎಲ್ಲರಿಗೂ ಸಿಗುವ ವಿಡಿಯೊವನ್ನೇ ನಾನೂ ನೋಡಿದ್ದು. ಸ್ವಲ್ಪ ಹೆಚ್ಚು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ, ಅಷ್ಟೆ.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರೋಣ. ಹೆಸರು ದೊಡ್ಡದು, ಅದರಲ್ಲಿ ಅನುಮಾನವೇ ಇಲ್ಲ. ತಾತ ಆರ್ಚಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ತಲಾ ಎರಡು ಸಲ ಗೆದ್ದವರು. ಅಪ್ಪ ಕೂಪರ್ ಕೂಡ ಒಳ್ಳೆಯ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವ ಆಟಗಾರ. ಆದರೆ 18ನೇ ವಯಸ್ಸಿಗೇ ಬೆನ್ನುಹುರಿಯ ತೊಂದರೆ ಗೊತ್ತಾಗಿ ಆಟ ಬಿಡಬೇಕಾಯಿತು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗ ಒಂದು ಚೆಂಡು ಎಸೆದರೆ ಹತ್ತು ಕ್ಯಾಮೆರಾ ತಿರುಗುತ್ತವೆ. ಹೆಸರು ಮಾಡಿಕೊಡುವುದು ಅಷ್ಟನ್ನೇ. ಎದುರಿನಿಂದ 130 ಕಿಲೊ ತೂಗುವ ಆಳು ನುಗ್ಗಿ ಬರುವಾಗ ಅವನು ನಿಮ್ಮ ತಾತ ಯಾರು ಅಂತ ಕೇಳುವುದಿಲ್ಲ. ನಮ್ಮ ಬೆಂಗಳೂರಿನ ಸ್ಟುವರ್ಟ್ ಬಿನ್ನಿಯನ್ನು ನೆನಪಿಸಿಕೊಳ್ಳಿ. 'ರೋಜರ್ ಬಿನ್ನಿ ಮಗ ಅಂತ ತಂಡಕ್ಕೆ ತಗೊಂಡ್ರು' ಎಂದು ಎಷ್ಟು ಜನ ಆಡಿಕೊಂಡರು. 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ಎದುರು 4 ರನ್ ಕೊಟ್ಟು 6 ವಿಕೆಟ್ ತೆಗೆದಾಗ ಚೆಂಡು ಸ್ವಿಂಗ್ ಆಗಿದ್ದು ಅಪ್ಪನ ಹೆಸರಿಗಲ್ಲ. ಹಾಗಂತ ಆ ಒಂದು ದಿನದಿಂದ ಅವರು ದೊಡ್ಡ ಆಟಗಾರ ಆಗಲೂ ಇಲ್ಲ. ಹೊಗಳಿಕೆ, ತೆಗಳಿಕೆ ಎರಡೂ ಆಟದ ಅಳತೆ ಮೀರಿದ್ದವು.

ಆರ್ಚ್ ವಿಷಯದಲ್ಲೂ ಕೆಟ್ಟಿದ್ದು ಅಳತೆಯೇ. 2025ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಪಟ್ಟಿಯಲ್ಲಿ ಟೆಕ್ಸಾಸ್ ಮೊದಲ ಸ್ಥಾನದಲ್ಲಿತ್ತು. ಸೀಸನ್ ಶುರುವಾಗುವ ಮುಂಚೆಯೇ ಆ ಸ್ಥಾನ ಸಿಕ್ಕಿದ್ದು ಈ ತಂಡದ ಇತಿಹಾಸದಲ್ಲೇ ಮೊದಲು. ಹೈಸ್ಮನ್‌ಗೂ ಅವನೇ ಮುಂದು ಎಂದರು. ಅಲ್ಲಿಯವರೆಗೆ ಅವನು ಸ್ಟಾರ್ಟ್ ಮಾಡಿದ್ದು, ಅಂದರೆ ಪಂದ್ಯದ ಮೊದಲಿನಿಂದಲೇ ಇಳಿದಿದ್ದು ಎಷ್ಟು ಸಲ ಗೊತ್ತಾ? ಎರಡೇ ಸಲ. 2023ರಲ್ಲಿ ಬಹುಪಾಲು ಬೆಂಚು. 2024ರಲ್ಲಿ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್‌ಗೆ ಪೆಟ್ಟಾದಾಗ ಲೂಯಿಸಿಯಾನಾ ಮನ್ರೊ ಮತ್ತು ಮಿಸಿಸಿಪ್ಪಿ ಸ್ಟೇಟ್ ಎದುರು ಆಡಿದ. ಅದಕ್ಕೂ ಮುಂಚೆ ಯುಟಿ ಸ್ಯಾನ್ ಆಂಟೋನಿಯೊ ಎದುರು ಮಧ್ಯದಲ್ಲಿ ಇಳಿದು 67 ಯಾರ್ಡ್ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದ. ಆ ಒಂದು ಓಟದ ವಿಡಿಯೊ ನೋಡಿಯೇ ಜನ ಟ್ರೋಫಿಗೆ ಗೂಡು ಕಟ್ಟಿಸಿದ್ದರು.

ಹಳೆಯ ಕೋಚ್ ಸ್ಟೀವ್ ಸ್ಪರಿಯರ್ ಆಗಲೇ ಒಂದು ಚುಚ್ಚು ಮಾತು ಹೇಳಿದ್ದರು. ಇವನು ಅಷ್ಟು ಒಳ್ಳೆಯವನಾದರೆ, ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವಾಗ ಕೊನೆಯ, ಏಳನೇ ಸುತ್ತಿನಲ್ಲಿ ಆಯ್ಕೆಯಾದ ಯೂವರ್ಸ್‌ನ ಹಿಂದೆ ಯಾಕೆ ಕೂರಿಸಿದಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಕೇಳಲು ಚೆನ್ನಾಗಿದೆ, ಆದರೆ ಅರ್ಧ ಸತ್ಯ. ಯೂವರ್ಸ್ ಇದ್ದಾಗ ತಂಡ ಸತತ ಎರಡು ವರ್ಷ ರಾಷ್ಟ್ರೀಯ ಸೆಮಿಫೈನಲ್ ತಲುಪಿತ್ತು. ಗೆಲ್ಲುತ್ತಿರುವ ಹುಡುಗನನ್ನು ಕೂರಿಸಿ ಹೊಸಬನನ್ನು ಇಳಿಸಿದರೆ ಡ್ರೆಸ್ಸಿಂಗ್ ರೂಮ್ ಒಡೆಯುತ್ತದೆ. ಯಾವ ಕೋಚ್ ಆದರೂ ಟೆಕ್ಸಾಸ್‌ನ ಸ್ಟೀವ್ ಸಾರ್ಕೀಸಿಯನ್ ಮಾಡಿದ್ದನ್ನೇ ಮಾಡುತ್ತಿದ್ದರು.

ಇನ್ನು ನಿಮಗೆ ಸಂಕಟವಾದ ಆ ಪಂದ್ಯ. ಯುಟಿ ಎಲ್ ಪಾಸೊ ಎದುರು, ಸೆಪ್ಟೆಂಬರ್ 13. 25 ಎಸೆತದಲ್ಲಿ 11 ಮಾತ್ರ ಕೈ ಸೇರಿದವು, 114 ಯಾರ್ಡ್. ಪಂದ್ಯ 27-10ರಲ್ಲಿ ಗೆದ್ದರು, ಆದರೂ ಬೂ ತಪ್ಪಲಿಲ್ಲ. ಎರಡು ವಾರ ಮುಂಚೆ ಓಹಾಯೊ ಸ್ಟೇಟ್ ಎದುರು 14-7 ಸೋತಾಗ 30ರಲ್ಲಿ 17, 170 ಯಾರ್ಡ್. ಮಗನನ್ನು ಒಂದು ಮಾತು ಕೇಳಿ ನೋಡಿ: ಅವತ್ತು ಗೆದ್ದ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್ ಎಷ್ಟು ಯಾರ್ಡ್ ಎಸೆದ? 126. ಆರ್ಚ್‌ಗಿಂತ ಕಡಿಮೆ! ಅವನಿಗೂ ಅದು ಮೊದಲ ಸ್ಟಾರ್ಟ್. ಅವನ ಕೋಚ್‌ಗಳು ಚಿಕ್ಕ ಚಿಕ್ಕ, ಸುಲಭದ ಎಸೆತ ಕೊಟ್ಟು ಹುಡುಗನನ್ನು ಕಾಪಾಡಿದರು. ಸೋತವನನ್ನು ದೇಶವೆಲ್ಲ ಬೈಯಿತು. ಗೆದ್ದವನ 126ನ್ನು ಯಾರೂ ಎಣಿಸಲೇ ಇಲ್ಲ.

ಹಾಗಾದರೆ ಅವನ ತಪ್ಪೇ ಇರಲಿಲ್ವಾ ಅಂದರೆ, ಇತ್ತು. ನಾನು ಕಂಡಂತೆ ಮೊದಲ ತೊಂದರೆ ಕಾಲಿನದು. ಕ್ರಿಕೆಟ್‌ನಲ್ಲಿ ಕಾಲು ಹೋಗದೆ ಬ್ಯಾಟ್ ಬೀಸಿದರೆ ಎಡ್ಜ್ ಆಗುತ್ತದಲ್ಲ, ಇಲ್ಲೂ ಅದೇ ಕಥೆ. ಚೆಂಡು ಎಸೆಯುವಾಗ ಹಿಂದಿನ ಕಾಲು ಊರಿ, ಸೊಂಟ ತಿರುಗಿ, ಆಮೇಲೆ ಕೈ ಬರಬೇಕು. ಆರ್ಚ್ ಸೆಪ್ಟೆಂಬರ್‌ನಲ್ಲಿ ಎಷ್ಟೋ ಸಲ ಕಾಲು ಊರುವ ಮುಂಚೆಯೇ ಎಸೆಯುತ್ತಿದ್ದ. ಕೈ ಭುಜದ ಮೇಲಿಂದ ಬರುವ ಬದಲು ಪಕ್ಕದಿಂದ ಬರುತ್ತಿತ್ತು. ಹತ್ತು ಯಾರ್ಡ್ ದೂರದ ಸುಲಭದ ಎಸೆತವೂ ಹಾಗೆ ಮಾಡಿದರೆ ರಿಸೀವರ್‌ನ ಬೆನ್ನ ಹಿಂದೆ ಹೋಗುತ್ತದೆ, ಇಲ್ಲವೇ ಪಾದದ ಹತ್ತಿರ ಬೀಳುತ್ತದೆ. ನೀವು ಸ್ಟೇಡಿಯಂನಲ್ಲಿ ಕಂಡಿದ್ದು ಅದನ್ನೇ.

ಕಾಲು ಯಾಕೆ ಹಾಗೆ ಕುಣಿಯುತ್ತದೆ ಎಂಬುದನ್ನು ಟಿವಿ ತೋರಿಸುವುದಿಲ್ಲ. ಟಿವಿ ಚೆಂಡಿನ ಹಿಂದೆ ಓಡುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಐವರು ಇರುತ್ತಾರಲ್ಲ, ಆಫೆನ್ಸಿವ್ ಲೈನ್, 2024ರ ಆ ಐವರಲ್ಲಿ ನಾಲ್ವರು ಸೀಸನ್ ಮುಗಿದ ಮೇಲೆ ಎನ್‌ಎಫ್‌ಎಲ್‌ಗೆ ಹೋದರು. ಎಡಗಡೆ ಕಾಯುತ್ತಿದ್ದ ಕೆಲ್ವಿನ್ ಬ್ಯಾಂಕ್ಸ್‌ನನ್ನು ಸೇಂಟ್ಸ್ ಮೊದಲ ಸುತ್ತಿನಲ್ಲೇ ಎತ್ತಿಕೊಂಡಿತು. ಚೆಂಡು ಹಿಡಿಯುತ್ತಿದ್ದ ಮ್ಯಾಥ್ಯೂ ಗೋಲ್ಡನ್ ಹೋದ, ಗನ್ನರ್ ಹೆಲ್ಮ್ ಹೋದ. ಅಂದರೆ ಹೊಸ ಅಡುಗೆಯವನ ಜೊತೆಗೆ ಹೊಸ ಒಲೆ, ಹೊಸ ಪಾತ್ರೆ. ಮದುವೆ ಊಟ ಮಾತ್ರ ಅದೇ ದಿನ ಅದೇ ಹೊತ್ತಿಗೆ ಬಡಿಸಬೇಕು.

ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಅಷ್ಟರಲ್ಲಿ ಮೊದಲ ರಿಸೀವರ್, ಎರಡನೆಯವನು, ಮೂರನೆಯವನು ಅಂತ ಕಣ್ಣು ದಾಟಿಸಬೇಕು. ಎರಡು ಸಲ ಮಧ್ಯದಿಂದ ಯಾರೋ ನುಗ್ಗಿ ಬಂದು ಕೆಡವಿದರೆ, ಮೂರನೇ ಸಲ ಯಾರೂ ಬರದಿದ್ದರೂ ಅವನ ಕಣ್ಣು ಎದುರಾಳಿಯ ಕಡೆಗೇ ಹೋಗುತ್ತದೆ. ಕಾಲು ನಿಲ್ಲುವುದಿಲ್ಲ. ಬಿದ್ದ ನೋವಿಗಿಂತ ಬೀಳುವ ಭಯ ಜಾಸ್ತಿ ಕೆಲಸ ಮಾಡುತ್ತದೆ. ಫ್ಲೋರಿಡಾ ಎದುರು 29-21 ಸೋತ ದಿನ ಅವನನ್ನು ಆರು ಸಲ ಕೆಡವಿದರು. ಆ ಪಂದ್ಯದಲ್ಲಿ ಅರ್ಧ ತಪ್ಪು ಲೈನ್‌ದು, ಅರ್ಧ ಅವನದು. ಚೆಂಡನ್ನು ಕೈಯಲ್ಲಿ ತುಂಬಾ ಹೊತ್ತು ಇಟ್ಟುಕೊಳ್ಳುತ್ತಿದ್ದ.

ಇಲ್ಲಿ ನನ್ನದೇ ಒಂದು ಹಳೆಯ ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಮ್ಮ ತಂಡದಲ್ಲಿ 16 ವರ್ಷದ ಒಬ್ಬ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಮೂರು ಪಂದ್ಯ ನೋಡಿ ನಾನು ದೊಡ್ಡ ಪಂಡಿತನ ಹಾಗೆ ಬರೆದುಕೊಟ್ಟೆ: 'ಒತ್ತಡ ಬಂದರೆ ಕಣ್ಣು ಕೆಳಗೆ ಹೋಗುತ್ತದೆ. ಇವನನ್ನು ರಿಸೀವರ್ ಮಾಡುವುದು ಒಳ್ಳೆಯದು.' ಕೋಚ್ ಓದಿ, ಕಾಗದ ವಾಪಸ್ ಕೊಟ್ಟರು. 'ತಪ್ಪುಗಳನ್ನು ಬರಿ, ಪಕ್ಕದಲ್ಲಿ ತಾರೀಖು ಹಾಕು, ಎಂಟನೇ ವಾರ ತಂದು ತೋರಿಸು' ಎಂದರು. ಹಾಗೇ ಮಾಡಿದೆ. ಎಂಟನೇ ವಾರಕ್ಕೆ ನೋಡಿದರೆ ತಪ್ಪುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಮೊದಲ ಮೂರು ವಾರದ ತಪ್ಪು ಒಂದೂ ಉಳಿದಿರಲಿಲ್ಲ. ಎಲ್ಲ ಹೊಸ ತಪ್ಪು, ಅದೂ ಕಷ್ಟದ ಆಟಗಳಲ್ಲಿ ಆದ ತಪ್ಪು. ಹುಡುಗ ಆಮೇಲೆ ಒಂದು ಸಣ್ಣ ಕಾಲೇಜಿಗೆ ನಾಲ್ಕು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿದ. ಅವತ್ತಿನಿಂದ ನಾನು ಯಾವ ಹುಡುಗನನ್ನೂ 'ಎಷ್ಟು ತಪ್ಪು' ಅಂತ ನೋಡುವುದಿಲ್ಲ. 'ಅದೇ ತಪ್ಪಾ, ಬೇರೆಯಾ' ಅಂತ ನೋಡುತ್ತೇನೆ.

ಆರ್ಚ್‌ಗೂ ಹೀಗೇ ತಾರೀಖು ಹಾಕಿ ನೋಡಿದೆ. ಅಕ್ಟೋಬರ್‌ನಲ್ಲಿ ಕೆಂಟಕಿ ಎದುರು 27ರಲ್ಲಿ 12, ಪಂದ್ಯ ಓವರ್‌ಟೈಮ್‌ನಲ್ಲಿ ಹೇಗೋ 16-13 ಗೆದ್ದರು. ನೋಡಲು ಬೇಜಾರಾಗುವಂಥ ಆಟ. ಮುಂದಿನ ವಾರವೇ ಮಿಸಿಸಿಪ್ಪಿ ಸ್ಟೇಟ್ ಎದುರು ಕೊನೆಯ ಕ್ವಾರ್ಟರ್‌ನಲ್ಲಿ 17 ಅಂಕ ಹಿಂದೆ ಇದ್ದು, 346 ಯಾರ್ಡ್ ಎಸೆದು ಪಂದ್ಯ ಸಮ ಮಾಡಿದ. ಓವರ್‌ಟೈಮ್‌ನಲ್ಲಿ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ, ಉಳಿದದ್ದನ್ನು ಬದಲಿ ಆಟಗಾರ ಮುಗಿಸಿದ. ಮರುವಾರ ವ್ಯಾಂಡರ್‌ಬಿಲ್ಟ್ ಎದುರು ಮೊದಲ ಪ್ಲೇಯಲ್ಲೇ ರಯಾನ್ ವಿಂಗೊಗೆ 75 ಯಾರ್ಡ್ ಟಚ್‌ಡೌನ್. ಜಾರ್ಜಿಯಾ ಎದುರು 35-10, ಅದು ಸೋಲೇ, ಮುಚ್ಚಿಡುವುದು ಬೇಡ. ಅರ್ಕಾನ್ಸಾ ಎದುರು 389 ಯಾರ್ಡ್. ಅದರಲ್ಲಿ ಎಸೆದು, ಓಡಿ, ಕೊನೆಗೆ ಚೆಂಡು ಹಿಡಿದೂ ಟಚ್‌ಡೌನ್ ಹೊಡೆದ. ಆಮೇಲೆ ಅಲ್ಲಿಯವರೆಗೆ ಒಂದೂ ಸೋಲದ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 27-17ರಲ್ಲಿ ಮಣಿಸಿದರು. ಆ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಅವನು ಓಡಿದ 35 ಯಾರ್ಡ್ ನಿಮ್ಮ ಮಗನಿಗೆ ಬಾಯಿಪಾಠ ಆಗಿರಬೇಕು.

ಸೀಸನ್ ಮುಗಿದಾಗ ಲೆಕ್ಕ ಹೀಗಿತ್ತು: 3,163 ಯಾರ್ಡ್, 26 ಟಚ್‌ಡೌನ್ ಎಸೆತ, 7 ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈ ಸೇರಿದ ಎಸೆತ. ತಂಡಕ್ಕೆ 10 ಗೆಲುವು, 3 ಸೋಲು. ದೇಶದಲ್ಲೇ ನಂಬರ್ ಒಂದು ಎಂದವರಿಗೆ ಇದು ಸಾಲದು, ಪ್ಲೇಆಫ್‌ಗೂ ಹೋಗಲಿಲ್ಲ. ಮೊದಲ ವರ್ಷ ಪೂರ್ತಿ ಆಡಿದ ಹುಡುಗನಿಗೆ ಇದು ಒಳ್ಳೆಯ ಲೆಕ್ಕ. ಎರಡು ಮಾತೂ ನಿಜ. ನಿಮ್ಮ ಮನೆಯಲ್ಲಿ ಇಬ್ಬರೂ ಅದಕ್ಕೇ ಸೋಲುತ್ತಿಲ್ಲ.

ನನ್ನ ಪಟ್ಟಿಯಲ್ಲಿ ಕಾಲಿನ ತಪ್ಪು ನವೆಂಬರ್ ಹೊತ್ತಿಗೆ ತುಂಬಾ ಕಡಿಮೆಯಾಗಿತ್ತು. ಚಿಕ್ಕ ಎಸೆತ ಸರಿಯಾಗಿತ್ತು. ಚೆಂಡು ಹಿಡಿದುಕೊಂಡು ನಿಲ್ಲುವ ಚಾಳಿ ಮಾತ್ರ ಪೂರ್ತಿ ಹೋಗಿರಲಿಲ್ಲ. ಅದಕ್ಕೇ ನಾನು ನಿಮ್ಮ ಮಗನಷ್ಟು ಖುಷಿಯಾಗಿಯೂ ಇಲ್ಲ, ನಿಮ್ಮ ಯಜಮಾನರಷ್ಟು ಬೇಸರದಲ್ಲೂ ಇಲ್ಲ.

ಡಿಸೆಂಬರ್ 31ರ ಸಿಟ್ರಸ್ ಬೌಲ್‌ನಲ್ಲಿ ಮಿಷಿಗನ್ ಎದುರು 41-27 ಗೆದ್ದರಲ್ಲ, ಅವನೊಬ್ಬನೇ 155 ಯಾರ್ಡ್ ಓಡಿದ. ಅಭಿಮಾನಿಗಳ ಈಗಿನ ಆಸೆಯ ಅರ್ಧ ಬಂಡವಾಳ ಆ ಪಂದ್ಯ. ಸ್ವಲ್ಪ ತಡೆಯಿರಿ. ಮಿಷಿಗನ್ ಅದೇ ತಿಂಗಳು ತನ್ನ ಮುಖ್ಯ ಕೋಚ್‌ನನ್ನು ತೆಗೆದುಹಾಕಿತ್ತು. ಮನೆಯಲ್ಲಿ ಯಜಮಾನನಿಲ್ಲದ ತಂಡ ಅದು. ವರ್ಷದ ಕೊನೆಯ ಬೌಲ್ ಪಂದ್ಯ ನೋಡಿ ಮುಂದಿನ ವರ್ಷದ ಭವಿಷ್ಯ ಹೇಳುವುದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ.

'ಎರಡನೇ ವರ್ಷ ತಾನಾಗೇ ಸುಧಾರಿಸುತ್ತಾನೆ' ಎನ್ನುವವರು ಜೋ ಬರೋ ಹೆಸರು ತೆಗೆಯುತ್ತಾರೆ. 2018ರಲ್ಲಿ ಎಲ್‌ಎಸ್‌ಯು ತಂಡಕ್ಕೆ ಅವನು ಎಸೆದದ್ದು 16 ಟಚ್‌ಡೌನ್. 2019ರಲ್ಲಿ 60. ಹೈಸ್ಮನ್, ರಾಷ್ಟ್ರೀಯ ಕಿರೀಟ ಎರಡೂ ಬಂತು. ನಿಜ. ಆದರೆ ಆ ಎರಡು ವರ್ಷಗಳ ಮಧ್ಯೆ ತಂಡದ ಆಟದ ರೀತಿಯೇ ಬದಲಾಗಿತ್ತು, ಜೊತೆಗೆ ಜಾಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಅಂಥ ರಿಸೀವರ್‌ಗಳಿದ್ದರು. ತಾನಾಗೇ ಆಗಿದ್ದಲ್ಲ. ಇನ್ನೊಂದು ಕಡೆ ಓಕ್ಲಹೋಮಾದ ಸ್ಪೆನ್ಸರ್ ರಾಟ್ಲರ್. 2021ರಲ್ಲಿ ಹೈಸ್ಮನ್‌ಗೆ ಎಲ್ಲರ ಬಾಯಲ್ಲೂ ಅವನದೇ ಹೆಸರು. ಅದೇ ಅಕ್ಟೋಬರ್‌ನಲ್ಲಿ, ಅದೂ ಟೆಕ್ಸಾಸ್ ಎದುರಿನ ಪಂದ್ಯದಲ್ಲೇ, ಅವನನ್ನು ಕೂರಿಸಿ ಕೇಲಬ್ ವಿಲಿಯಮ್ಸ್‌ನನ್ನು ಇಳಿಸಿದರು. ಓಕ್ಲಹೋಮಾ ಗೆದ್ದಿತು, ರಾಟ್ಲರ್ ಮರುವರ್ಷ ಬೇರೆ ಕಾಲೇಜಿಗೆ ಹೋದ. ಕ್ಲೆಮ್ಸನ್‌ನ ಡಿಜೆ ಉಯಾಗಲೆಲೇ ಕೂಡ ಅದೇ ವರ್ಷ ಭಾರಿ ನಿರೀಕ್ಷೆ ಹೊತ್ತು ಬಂದು 9 ಟಚ್‌ಡೌನ್, 10 ಇಂಟರ್‌ಸೆಪ್ಷನ್‌ಗೆ ಮುಗಿಸಿದ. ದಾರಿ ಎರಡೂ ಕಡೆಗಿದೆ.

ಮ್ಯಾನಿಂಗ್ ಮನೆಯಲ್ಲೇ ಉದಾಹರಣೆ ಬೇಕಾ? ಪೇಟನ್ ಟೆನೆಸಿಯಲ್ಲಿ ಆಡುವಾಗ ಫ್ಲೋರಿಡಾವನ್ನು ಒಂದು ಸಲವೂ ಸೋಲಿಸಲಿಲ್ಲ. ಅವನು ಹೋದ ಮರುವರ್ಷ, 1998ರಲ್ಲಿ, ಟೆನೆಸಿ ರಾಷ್ಟ್ರೀಯ ಕಿರೀಟ ಗೆದ್ದಿತು! ಅದೇ ವರ್ಷ ಎನ್‌ಎಫ್‌ಎಲ್‌ನಲ್ಲಿ ಪೇಟನ್ 28 ಇಂಟರ್‌ಸೆಪ್ಷನ್ ಎಸೆದ. ಅಲ್ಲಿ ಅವನ ತಂಡ ಮೂರೇ ಪಂದ್ಯ ಗೆದ್ದಿತು, ಮರುವರ್ಷ 13 ಗೆದ್ದಿತು. ಆಗ ಬೂ ಎಂದವರು ಆಮೇಲೆ ಮಕ್ಕಳಿಗೆ ಅವನ ಜರ್ಸಿ ಕೊಡಿಸಿದರು.

ಈ ವರ್ಷ ಕೋಚ್ ಮುಂದಿರುವ ದೊಡ್ಡ ಪ್ರಶ್ನೆ, ಅವನನ್ನು ಎಷ್ಟು ಓಡಿಸಬೇಕು ಎಂಬುದು. ಕಳೆದ ವರ್ಷ ಓಡಿ 10 ಟಚ್‌ಡೌನ್ ಹೊಡೆದಿದ್ದಾನೆ. ಅವನು ಓಡಬಲ್ಲ ಎಂದು ಗೊತ್ತಿದ್ದರೆ ಎದುರಾಳಿ ಒಬ್ಬನನ್ನು ಅವನಿಗೇ ಮೀಸಲಿಡಬೇಕಾಗುತ್ತದೆ, ಎಸೆಯಲು ಜಾಗ ಸಿಗುತ್ತದೆ. ಆದರೆ ಒಂದೊಂದು ಓಟಕ್ಕೂ ಒಂದು ಪೆಟ್ಟು ಕಾದಿರುತ್ತದೆ, ತಲೆಗೆ ಈಗಾಗಲೇ ಒಮ್ಮೆ ಬಿದ್ದಿದೆ. ಓಡಿಸದೆ ಲೈನ್‌ನ ಕಾವಲಿನ ಹಿಂದೆ, ಪಾಕೆಟ್‌ನಲ್ಲೇ ನಿಲ್ಲಿಸಿದರೆ ಲೈನ್ ಗಟ್ಟಿ ಇರಬೇಕು. ನನ್ನನ್ನು ಕೇಳಿದರೆ, ಮೂರನೇ ಡೌನ್‌ಗೆ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಮತ್ತು ಗೋಲ್ ಹತ್ತಿರ ಮಾತ್ರ ಓಡಿಸಿ, ಉಳಿದ ಹೊತ್ತಿನಲ್ಲಿ ಬೇಗ ಬೇಗ ಕೈಬಿಡುವ ಚಿಕ್ಕ ಎಸೆತ ಕೊಡಿ ಎನ್ನುತ್ತೇನೆ. ನೋಡಲು ಅಷ್ಟು ಮಜಾ ಇರುವುದಿಲ್ಲ, ಸ್ಟೇಡಿಯಂ ಗೊಣಗುತ್ತದೆ. ಗೊಣಗಲಿ ಬಿಡಿ. ಅವನು ಮುಂದಿನ ವರ್ಷ ಎನ್‌ಎಫ್‌ಎಲ್‌ಗೆ ಹೋಗುತ್ತಾನಾ ಎಂಬ ಚರ್ಚೆ ಈಗಲೇ ಶುರುವಾಗಿದೆ. ಎರಡೇ ಸ್ಟಾರ್ಟ್ ಇದ್ದಾಗ ಟ್ರೋಫಿ ಕೊಟ್ಟವರದೇ ಆ ಚರ್ಚೆ, ನಾನು ಅದಕ್ಕೆ ಕೈ ಹಾಕುವುದಿಲ್ಲ.

ಪಂಥದ ವಿಷಯ. 2025ರ ಆಗಸ್ಟ್‌ನಲ್ಲಿ ಹೈಸ್ಮನ್‌ಗೆ ಆರ್ಚ್ ಜೊತೆ ಜೋರಾಗಿ ಕೇಳಿಬಂದ ಹೆಸರುಗಳು ಎಲ್‌ಎಸ್‌ಯುನ ಗ್ಯಾರೆಟ್ ನಸ್‌ಮೈಯರ್ ಮತ್ತು ಕ್ಲೆಮ್ಸನ್‌ನ ಕೇಡ್ ಕ್ಲಬ್ನಿಕ್. ಮೂವರಲ್ಲಿ ಒಬ್ಬನೂ ಕೊನೆಯ ನಾಲ್ವರಲ್ಲಿ ಇರಲಿಲ್ಲ. ಗೆದ್ದಿದ್ದು ಇಂಡಿಯಾನಾದ ಫರ್ನಾಂಡೊ ಮೆಂಡೋಜಾ. ಹೈಸ್ಕೂಲ್ ಮುಗಿಸುವಾಗ ಬಹುತೇಕ ದೊಡ್ಡ ಕಾಲೇಜುಗಳು ಅವನನ್ನು ತಿರುಗಿಯೂ ನೋಡಿರಲಿಲ್ಲ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಡಿ ಇಂಡಿಯಾನಾಗೆ ಬಂದವನು. ಟ್ರೋಫಿಯ ಜೊತೆಗೆ ರಾಷ್ಟ್ರೀಯ ಕಿರೀಟವೂ ಅವನ ತಂಡಕ್ಕೇ ಹೋಯಿತು. ಇದನ್ನು ಮಗನಿಗೆ ಹೇಳಿ. 200 ಡಾಲರ್ ಹೋಗುವುದು ಒಂದು ಕಡೆ. ಅದಕ್ಕಿಂತ, ದುಡ್ಡು ಕಟ್ಟಿದ ಮೇಲೆ ಹುಡುಗರು ಪಂದ್ಯ ನೋಡುವುದನ್ನು ಬಿಟ್ಟು ಲೆಕ್ಕ ನೋಡುತ್ತಾರೆ, ನಾನು ಕಂಡಿದ್ದೇನೆ. ತಂಡ ಗೆದ್ದರೂ 'ಅವನು ಎರಡೇ ಟಚ್‌ಡೌನ್ ಎಸೆದ' ಅಂತ ಮುಖ ಊದಿಸಿಕೊಂಡು ಕೂರುತ್ತಾರೆ. ಟೆಕ್ಸಾಸ್‌ನಲ್ಲಿ ಆಟದ ಮೇಲೆ ಬೆಟ್ಟಿಂಗ್‌ಗೆ ಕಾನೂನಿನ ಅನುಮತಿಯೂ ಇಲ್ಲ. ರೂಮ್‌ಮೇಟ್ ಜೊತೆಗಿನ ಪಂಥವನ್ನು ಒಂದು ಊಟಕ್ಕೆ ಇಳಿಸಿಕೊಳ್ಳಲಿ. ಸೋತರೂ ಇಬ್ಬರೂ ಉಂಡ ಹಾಗಾಯಿತು. ಫೋನಿನ ಆ್ಯಪ್‌ಗಳಿಗೆ ಕೈ ಹಾಕಿದ್ದರೆ ಮಾತ್ರ ಸುಮ್ನೆ ಬಿಡಬೇಡಿ, ಒಂದು ಸಲ ಕೂರಿಸಿ ಕೇಳಿ.

ಟಿಕೆಟ್ ಖಂಡಿತ ತಗೊಳ್ಳಿ. ಇಂಥ ಪಂದ್ಯ ಮನೆ ಬಾಗಿಲಿಗೆ ಪದೇ ಪದೇ ಬರುವುದಿಲ್ಲ. ಆದರೆ ಮಧ್ಯದ 50 ಯಾರ್ಡ್ ಗೆರೆಯ ಸೀಟಿಗೆ ಸಾಲ ಮಾಡಬೇಡಿ. ಮೈದಾನದ ತುದಿಯ ಎಂಡ್ ಝೋನ್ ಹಿಂದೆ, ಆದಷ್ಟು ಮೇಲಿನ ಸಾಲು ಹಿಡಿಯಿರಿ. ನಾವು ವಿಡಿಯೊ ತೆಗೆಯಲು ಏಣಿ ಹತ್ತಿ ನಿಲ್ಲುವುದೂ ಅದೇ ಜಾಗದಲ್ಲಿ. ಅಲ್ಲಿಂದ ಐವರ ಲೈನ್ ಹೇಗೆ ತೆರೆದುಕೊಳ್ಳುತ್ತದೆ, ಯಾವ ಬಿರುಕಿನಿಂದ ಆಳು ನುಗ್ಗುತ್ತಾನೆ ಎಲ್ಲ ಕಾಣುತ್ತದೆ. ಮೊದಲ ಹತ್ತು ಪ್ಲೇಗಳಲ್ಲಿ ಚೆಂಡು ನೋಡಲೇಬೇಡಿ, ಅವನ ಕಾಲು ನೋಡಿ. ಎಸೆಯುವ ಮುಂಚೆ ಊರುತ್ತಿದೆಯಾ? ಆಮೇಲೆ ಮನಸ್ಸಿನಲ್ಲೇ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಣಿಸಿ. ಮೂರು ಮುಗಿಯುವಷ್ಟರಲ್ಲಿ ಚೆಂಡು ಕೈಬಿಟ್ಟಿದೆಯಾ? ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎರಡನೇ ಅರ್ಧ ಶುರುವಾಗುವ ಹೊತ್ತಿಗೆ ನಿಮ್ಮ ಯಜಮಾನರಿಗೂ ಮಗನಿಗೂ ಹೇಳಲು ನಿಮ್ಮ ಹತ್ತಿರ ನಿಮ್ಮದೇ ಉತ್ತರ ಇರುತ್ತದೆ. ಪೂರ್ವ ದಿಕ್ಕಿನ ಸೀಟು ಮಾತ್ರ ಬೇಡ, ಸಂಜೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಆಸ್ಟಿನ್‌ನ ಸೆಪ್ಟೆಂಬರ್ ಬಿಸಿಲನ್ನು ನಿಮಗೆ ನಾನು ಹೇಳಿಕೊಡಬೇಕಾ?